ಮೊದಲ ಬೆಂಚಿನ ಅಪ್ಪ

ಹಟಮಾರಿ ಮಕ್ಕಳನ್ನು ಸಂಭಾಳಿಸುವುದು ಹೇಗೆಂದು ಅಪ್ಪ ಅಮ್ಮಂದಿರಿಗೆ ಹೇಳಿಕೊಡುವ ಶನಿವಾರದ ತರಗತಿಯಲ್ಲಿ ಟೈಲರಣ್ಣನಿಗೆ ಮೊದಲ ಬೆಂಚು ಖಾಯಂ. ಉಳಿದವರು ಹತ್ತು ವಾರಕ್ಕೆ ಕೈ ತೊಳೆದುಕೊಂಡರೆ ಇವರದು ಇದು ಮೂರನೇ ಸುತ್ತು. ಕಲಿತದ್ದನ್ನು ಅಂಗಡಿಯಲ್ಲೂ ಬಿಡುವವರಲ್ಲ, ಸೂಜಿಗೆ ದಾರ ಹೋಗದಿದ್ದರೆ ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸುತ್ತಾರೆ, ಅಲ್ಲಾಡದೆ ಅಳತೆ ಕೊಟ್ಟ ಗಿರಾಕಿಗೆ “ಎಷ್ಟು ಚೆನ್ನಾಗಿ ನಿಂತ್ಕೊಂಡ್ರಿ ಸಾರ್, ಭೇಷ್!” ಎಂದು ಬೆನ್ನು ತಟ್ಟುತ್ತಾರೆ. ಮಕ್ಕಳಿಗೆ ಬಹುಮಾನವಾಗಿ ಅಂಟಿಸುವ ಕಾಗದದ ನಕ್ಷತ್ರಗಳು ಸದಾ ಜೇಬಿನಲ್ಲಿ. ಒಮ್ಮೆ ಟ್ರಾಫಿಕ್ ಪೊಲೀಸಪ್ಪನ ಅಂಗಿಗೂ ಒಂದು ಅಂಟಿಸಿ ಬಂದಿದ್ದರಂತೆ. ತರಗತಿಯಲ್ಲಿ ಆಡಿ ತೋರಿಸುವಾಗ ಹಟದ ಮಗುವಿನ ಪಾತ್ರ ಇವರದೇ. ಚಪ್ಪಲಿ ಎಸೆದು ನೆಲದ ಮೇಲೆ ಹೊರಳಾಡಿದರೆಂದರೆ ಎಲ್ಲರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು. ಮೊನ್ನೆ ಅಮ್ಮನ ಪಾತ್ರದಲ್ಲಿದ್ದ ನರ್ಸಮ್ಮ, ಹಟ ನಿಲ್ಲಿಸಿದ್ದಕ್ಕೆ “ಜಾಣ ಮರಿ” ಎಂದು ಹೊಗಳಿ, ಹಣೆಗೆ ನಕ್ಷತ್ರ ಅಂಟಿಸಲು ಕೈ ಎತ್ತಿದರು. ಟೈಲರಣ್ಣ ತಟ್ಟನೆ ಎರಡೂ ತೋಳುಗಳಲ್ಲಿ ಮುಖ ಮುಚ್ಚಿಕೊಂಡು ಮುದುಡಿಬಿಟ್ಟರು. ಅದು ನಟನೆಯಲ್ಲವೆಂದು ಗೊತ್ತಾಗಿ ನಗು ನಿಂತಿತು. “ಯಾಕಣ್ಣ, ಏನಾಯ್ತು?” ಎಂದರು ನರ್ಸಮ್ಮ. “ಏನಿಲ್ಲ ಕಣಮ್ಮ, ಅಭ್ಯಾಸಬಲ. ನಮ್ಮಪ್ಪ ಕೈ ಎತ್ತಿದ್ರೆ ಹಿಂಗೇ ಮಾಡ್ತಿದ್ದೆ.” ಅಂಗಿಯ ಧೂಳು ಕೊಡವಿಕೊಳ್ಳುತ್ತ ಎದ್ದವರು, ಕೊರಳಿನ ಟೇಪನ್ನು ಸುಮ್ಮನೆ ಬೆರಳಿಗೆ ಸುತ್ತತೊಡಗಿದರು. “ಊರಿಗೆಲ್ಲ ಅಳತೆ ತಗೊಳ್ತೀನಿ. ಮಗಳಿಗೊಂದು ಲಂಗ ಹೊಲಿಯೋಣ ಅಂತ ಟೇಪ್ ಎತ್ತಿದ್ರೆ, ಅವಳೂ ಹಿಂಗೇ ಮುದುಡ್ಕೋತಾಳೆ.”