ಪಾವಿನ ಆಚೆಗೊಂದು ಲಾಗ

ಅತ್ತೆಯ ಅಂಗೈಯಲ್ಲಿ ಒಂದೊಂದು ಬೆರಳಿನ ಬುಡಕ್ಕೂ ಹುಣಸೆ ಬೀಜದಷ್ಟು ಗಟ್ಟಿಯಾದ ಜಡ್ಡು. ಸರ್ಕಸ್ಸಿನ ಅಡ್ಡಕಂಬಿ ಹಿಡಿದು ಹಿಡಿದು ಬಂದದ್ದು. ಅಪ್ಪನ ತಂಗಿ ಆಕೆ. ಕಂಬಿ ಬಿಟ್ಟು ಗಾಳಿಯಲ್ಲೇ ಎರಡು ಲಾಗ ಹಾಕಿ ಇಳಿಯುವುದರಲ್ಲಿ ಆ ಸರ್ಕಸ್ಸಿಗೇ ಮೊದಲಿಗಳು. ನನಗೆ ಓದು ಅಷ್ಟಕ್ಕಷ್ಟೆ, ಆದರೂ ಮೊನ್ನೆಯಿಂದ ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತಾತ ಇರುವವರೆಗೆ ಅವಳನ್ನು ತಡೆದವರಿಲ್ಲ. ಅವರು ತೀರಿದ ವರ್ಷ ಸರ್ಕಸ್ಸು ನಮ್ಮೂರು ಸೇಲಂಗೆ ಬಂತು. ಮನೆಯವರನ್ನು ನೋಡಲು ಬಂದವಳನ್ನು ಅಪ್ಪ ಮತ್ತೆ ಕಳಿಸಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಡಿಸಿ ಕೂರಿಸಿದ.

"ಪೋದುಂ, ಆಟ ಸಾಕು. ನೇಯಿ."

"ಅಣ್ಣಯ್ಯ, ಈ ಗುಂಡೀಲಿ ನನ್ ಕಾಲು ಸತ್ತೋಗ್ತೈತೆ."

"ಸತ್ರೆ ನಮ್ ಮನೇಲೇ ಸಾಯ್ಲಿ."

ಅಪ್ಪ ಅತ್ತ ಹೋದರೆ ಸಾಕು, ಗುಂಡಿಯ ಅಂಚಿಗೆ ಎರಡೂ ಕೈ ಊರಿ, ಕಾಲು ನೀಡಿ, ಮೈಯೆಲ್ಲ ಮೇಲೆತ್ತಿ ನಿಂತು ನನ್ನನ್ನು ಕರೆಯುತ್ತಿದ್ದಳು: "ನೋಡ್ಲೇ, ಇನ್ನೂ ಬದುಕೈತೆ!"

ಸರ್ಕಸ್ಸು ರೈಲು ಹತ್ತುವ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಪಾವು ಹಾಸಿದ್ದರು. ಪಾವು ಎಂದರೆ ಮಗ್ಗಕ್ಕೇರುವ ಹಾಸುನೂಲು; ಅದನ್ನು ಬಾಗಿಲ ಮುಂದೆ ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುವುದು. ಹಾಸಿದ ಪಾವನ್ನು ಹೆಂಗಸರು ದಾಟುವಂತಿಲ್ಲ, ಅಡಿಯಲ್ಲಿ ನುಸುಳುವಂತಿಲ್ಲ. ಎರಡು ತುದಿಯಲ್ಲೂ ನಮ್ಮವರೇ ಕಾವಲು. "ಇವತ್ತು ಬೀಗ ಬ್ಯಾಡ," ಎಂದು ಅಪ್ಪ ನಕ್ಕ.

ಒಂದು ತುದಿಯ ಹಗ್ಗವನ್ನು ಗೂಟಕ್ಕೆ ಸುತ್ತಿ ಬಿಗಿಯಾಗಿ ಹಿಡಿಯುವುದು ಎಂಟು ವರ್ಷದ ನನ್ನ ಕೆಲಸ.

ಅತ್ತೆ ಸೀರೆಯನ್ನು ಕಚ್ಚೆ ಕಟ್ಟಿ ಜಗಲಿಯಿಂದ ಓಡಿಬಂದಳು. ಒಂದೇ ಲಾಗ! ಒಂದೆಳೆಯೂ ಅಲುಗದ ಹಾಗೆ ಆಚೆ ಇಳಿದಳು. ಎದುರಿಗೆ ಸ್ಟೇಷನ್ನಿನ ದಾರಿ.

ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಹಗ್ಗ ಸರ್ರನೆ ಬಿಚ್ಚಿತು. ಹಸಿ ಪಾವು ಮಣ್ಣಿನತ್ತ ಜೋತುಬಿತ್ತು. ಮನೆಯವರೆಲ್ಲರ ತಿಂಗಳ ಅನ್ನ ಅದು. ಅತ್ತೆ ತಿರುಗಿ ನೋಡಿದಳು, ಓಡಿ ಬಂದು ಹಗ್ಗವನ್ನು ಜಗ್ಗಿ ಹಿಡಿದಳು. ಗಂಜಿ ಒಣಗುವ ಹೊತ್ತಿಗೆ ರೈಲು ಕೂಗಿ ಹೋಗಿತ್ತು. ಅವಳೇ ಹೋಗಿ ಗುಂಡಿಗೆ ಕಾಲು ಇಳಿಸಿದಳು.

ನಿನ್ನಿಂದಲೇ ರೈಲು ತಪ್ಪಿತು ಎಂದು ಅತ್ತೆ ಸಾಯುವವರೆಗೂ ಅನ್ನಲಿಲ್ಲ. ಕೊನೆಯ ದಿನ ಕಂಬಳಿಯಡಿ ಕಾಲ್ಬೆರಳು ಆಡಿಸಿ, "ಬದುಕೈತೆ," ಎಂದು ನಕ್ಕಳು. ಆ ಜಡ್ಡುಗಳು ಮಾತ್ರ ಎಂದೋ ಕರಗಿದ್ದವು.

ಮೊನ್ನೆ ನನ್ನ ಮೊಮ್ಮಗಳು ಕಸರತ್ತಿನ ಪೋಟಿಯಲ್ಲಿ, ಅಷ್ಟು ಜನರ ಮುಂದೆ, ಕಂಬಿ ಬಿಟ್ಟು ಎರಡು ಲಾಗ ಹಾಕಿ ನೆಟ್ಟಗೆ ನಿಂತಳು. ಮೊದಲ ಬಹುಮಾನ! ಓಡಿಬಂದು, "ಅಜ್ಜೀ, ಪಾತ್ತೀಯಾ, ನೋಡಿದ್ಯಾ?" ಎಂದು ಅಂಗೈ ತೋರಿಸಿದಳು. ಹುಣಸೆ ಬೀಜಗಳು, ನಾಲ್ಕೂ ಇದ್ದವು.

ಕೈ ನೋಯುವವರೆಗೆ ಚಪ್ಪಾಳೆ ತಟ್ಟಿದೆ. ಈ ಸಲ ನನ್ನ ಕೈಯಲ್ಲಿ ಯಾವ ಹಗ್ಗವೂ ಇರಲಿಲ್ಲ.