ಬಂಟ ತೆವಳಿಕೊಂಡು ಬಂದ

ಕಳೆದ ಭಾನುವಾರ ತೋವಿನಕೆರೆ ಹತ್ತಿರದ ಒಂದು ರಾಗಿ ಕೂಳೆ ಹೊಲದಲ್ಲಿ, ಹತ್ತಾರು ಜನರ ಎದುರು, ನಾನು ಒಂದು ನ್ಯಾಯ ಗೆದ್ದೆ. ಗೆದ್ದವನಿಗೆ ಇಷ್ಟು ಸಿಟ್ಟು ಬರಬಹುದು ಅಂತ ನನಗೆ ಗೊತ್ತಿರಲಿಲ್ಲ. ಇವತ್ತು ಗುರುವಾರ. ಇನ್ನೂ ಇಳಿದಿಲ್ಲ.

ವ್ಯಾಜ್ಯ ಒಂದು ನಾಯಿಯದು. (ನಗುವವರು ಈಗಲೇ ನಕ್ಕುಬಿಡಿ. ಮುಂದೆ ನಗಲು ಜಾಗ ಸಿಗುವುದಿಲ್ಲ.)

ಬಂಟನನ್ನು ನೀವು ಬಲ್ಲಿರಿ. ಹೋದ ವರ್ಷ ಇದೇ ಅಂಕಣದಲ್ಲಿ ಅವನ ಬಗ್ಗೆ ಬರೆದಿದ್ದೆ. ಹೆಸರು ಹಿಡಿದು ಒಮ್ಮೆ ಕರೆದರೆ ಸಾಕು, ಎಲ್ಲಿದ್ದರೂ ಬಂದು ಕಾಲ ಬುಡದಲ್ಲಿ ಕೂರುತ್ತಾನೆ, ಮಧುಗಿರಿಯ ನಾಗರಿಕರು ಇವನಿಂದ ಕಲಿಯುವುದು ಬೇಕಾದಷ್ಟಿದೆ ಅಂತ ಉಪದೇಶ ಬೇರೆ ಕುಟ್ಟಿದ್ದೆ. ಕೆಲವರು ಆ ಬರಹ ಕತ್ತರಿಸಿ ಇಟ್ಟುಕೊಂಡಿದ್ದೀರಂತೆ. ದಯವಿಟ್ಟು ಒಲೆಗೆ ಹಾಕಿ.

ಓದದವರಿಗಾಗಿ ಎರಡು ಮಾತು. ನಾನು ಮಧುಗಿರಿಯಲ್ಲಿ ಮಿಡಲ್ ಸ್ಕೂಲ್ ಹೆಡ್ ಮೇಷ್ಟ್ರು. ಹದಿನೆಂಟು ವರ್ಷದ ಸರ್ವಿಸ್. ಬಂಟ ನಮ್ಮ ಹಿತ್ತಲಿನ ಹುಲ್ಲುಮೆದೆಯಲ್ಲಿ ಹುಟ್ಟಿದ ಕರಿ ಮರಿ. ಮರಿಗಳು ಮಾಡುವುದನ್ನೆಲ್ಲ ಮಾಡಿದ. ಚಪ್ಪಲಿ ಕಚ್ಚಿದ, ಒಣಹಾಕಿದ ಪಂಚೆ ಎಳೆದ, ಸ್ಕೂಲ್ ಇನ್ಸ್‌ಪೆಕ್ಟರು ಮನೆಗೆ ಬಂದಾಗ ಅವರ ಬಿಳಿ ಪ್ಯಾಂಟಿನ ಮೇಲೆ ಕೆಸರು ಕಾಲಿಟ್ಟು ಮುಖ ನೆಕ್ಕಲು ಹೋದ. ಇನ್ಸ್‌ಪೆಕ್ಟರು ನಕ್ಕರು. ನಾನು ನಗಲಿಲ್ಲ. ಹೆಡ್ ಮೇಷ್ಟ್ರ ಮನೆ ನಾಯಿಗೇ ಶಿಸ್ತಿಲ್ಲ ಅಂದರೆ ಮಾನ ಉಳಿಯುತ್ತದೆಯೇ?

ಎದುರು ಮನೆಯಲ್ಲಿ ಹವಾಲ್ದಾರ್ ರುದ್ರಪ್ಪನವರಿದ್ದಾರೆ. ಹಿಂದಿನ ಮಹಾಯುದ್ಧದಲ್ಲಿ ಬಸ್ರಾ ನೋಡಿ ಬಂದವರು. ಈಗ ರಿಟೈರ್ಡ್. ಖಾಕಿ ಕೋಟು ಮಾತ್ರ ರಿಟೈರ್ ಆಗಿಲ್ಲ.

"ಮೂರು ತಿಂಗಳು ನನ್ನ ಕೈಗೆ ಕೊಡಿ ಸಾರ್. ಸಿಪಾಯಿ ಮಾಡಿ ವಾಪಸ್ ಕೊಡ್ತೀನಿ" ಅಂದರು.

"ಮರಿಯಲ್ಲವೇ, ಆಡಿಕೊಂಡಿರಲಿ ಬಿಡಿ" ಅಂದಳು ನನ್ನ ಹೆಂಡತಿ. ಹೆಂಗಸರ ಮಾತು ಅಂತ ತಳ್ಳಿಹಾಕಿದೆ. (ಹೌದು, ಅದನ್ನೂ ಬರೆಯುತ್ತಿದ್ದೇನೆ. ಓದಿ ನಗಲಿ ಅವಳು. ಹಕ್ಕಿದೆ.)

ಟ್ರೈನಿಂಗ್ ಶುರುವಾಯಿತು. ಮೊದಲ ದಿನವೇ ಎಡಗಿವಿಯ ತುದಿ ಕತ್ತರಿಸಿ, ಅದನ್ನೇ ಮುದ್ದೆಯಲ್ಲಿಟ್ಟು ಅವನಿಗೇ ತಿನ್ನಿಸಿದರು. ಹಾಗೆ ಮಾಡಿದರೆ ನಾಯಿಗೆ ರೋಷ ಬರುತ್ತದಂತೆ. ನಮ್ಮ ಕಡೆ ಇದನ್ನು ನಂಬದ ಮನೆಯೇ ಇಲ್ಲ. ಬಿ.ಎ. ಓದಿದ ನಾನೂ ನಂಬಿದೆ. ಆಮೇಲೆ ಕೊರಳಿಗೆ ಒಂದು ಮರದ ಕೊರಡು, ಓಡಿದರೆ ಮುಂಗಾಲಿಗೆ ಬಡಿಯುವ ಹಾಗೆ. ಒಂದು ಹೊತ್ತು ಊಟ. ಮತ್ತೆ ದಿನಕ್ಕೆ ನೂರು ಸಲ "ಬಂಟಾ!"

ಕರೆದ ಕೂಡಲೆ ಬರಬೇಕು. ಒಂದು ಗಳಿಗೆ ತಡವಾದರೆ ಹುಣಿಸೆ ಬರಲಿನಿಂದ ಎರಡು. ಗಮನಿಸಿ, ತಡವಾಗಿಯಾದರೂ ಮರಿ ಬಂದಿರುತ್ತಿತ್ತು. ಬಂದು, ಬಾಲ ಆಡಿಸುತ್ತಾ, ಎದುರಿಗೆ ನಿಂತ ಮೇಲೆ ಏಟು. ಎಲ್ಲೋ ಓಡಿಹೋಗಿದ್ದಾಗ ಏಟಿಲ್ಲ. ಹತ್ತಿರ ಬಂದಾಗ ಏಟು!

ಸರಿಯಾದ ಹೊತ್ತಿಗೆ ಬಂದರೆ ಏನು ಕೊಡುತ್ತೀರಿ ಅಂತ ಒಮ್ಮೆ ಕೇಳಿದ್ದೆ.

"ಕೊಡೋದೇನು ಸಾರ್? ಬರೋದು ಅವನ ಡ್ಯೂಟಿ."

ಎಷ್ಟು ಚೆನ್ನಾಗಿ ಹೇಳಿದರು ಅನ್ನಿಸಿತು. ಸ್ಟಾಫ್ ಮೀಟಿಂಗಿನಲ್ಲಿ ಅದೇ ಮಾತನ್ನು ನನ್ನದು ಅಂತ ಹೇಳಿದೆ. ಜಗುಲಿ ಮೇಲೆ ಕೂತು ಕಾಫಿ ಕುಡಿಯುತ್ತಾ ಆ ಮೂರು ತಿಂಗಳೂ ನೋಡಿದವನು ನಾನು.

ಬಂಟ ಸಿಪಾಯಿಯಾಗಿ ವಾಪಸ್ ಬಂದ. ಬಂದವರಿಗೆಲ್ಲ ಕರೆದು ತೋರಿಸಿದೆ. ಇನ್ಸ್‌ಪೆಕ್ಟರಿಗೂ ತೋರಿಸಿದೆ. ಈ ಸಲ ಅವರು ಯಾಕೋ ನಗಲಿಲ್ಲ. ಪತ್ರಿಕೆಯಲ್ಲಿ ಬರೆದೆ. ಬರೆದ ಮೂರನೇ ವಾರ ಬೆಳಿಗ್ಗೆ ನೋಡಿದರೆ ಕಂಬದಲ್ಲಿ ಕಡಿದ ಹಗ್ಗ ಮಾತ್ರ ಇತ್ತು.

ಹುಡುಕಿದೆ ಸ್ವಾಮಿ, ಹುಡುಕಲಿಲ್ಲ ಅನ್ನಬೇಡಿ. ಶಿರಾ ರಸ್ತೆ, ಕೊರಟಗೆರೆ ರಸ್ತೆ, ಬೆಟ್ಟದ ತಪ್ಪಲು ಎಲ್ಲ ಅಲೆದೆ. ಹೆಂಡತಿ ಅವನ ಮಣ್ಣಿನ ತಟ್ಟೆಯನ್ನು ತೊಳೆದು ಗೋಡೆಗೆ ಒರಗಿಸಿ ಇಟ್ಟವಳು ಎಂಟು ತಿಂಗಳು ತೆಗೆಯಲಿಲ್ಲ. ನನಗೂ ಸಂಕಟವಿತ್ತು. ಮನೆಗೆ ಬಂದಾಗ ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. ಅವನು ವಾಪಸ್ ಬೇಕಿತ್ತು, ಅಷ್ಟೇ.

ಹೋದ ವಾರ ಬಸ್ ಕಂಡಕ್ಟರ್ ಒಬ್ಬ ಸುದ್ದಿ ತಂದ. ತೋವಿನಕೆರೆ ಕಡೆ ಪಾವಗಡದ ಕುರಿ ಮಂದೆ ಬಂದಿದೆ, ಗೊಬ್ಬರಕ್ಕೆ ಹೊಲದಲ್ಲಿ ಮಂದೆ ಕಟ್ಟಿದ್ದಾರೆ, ಜೊತೆಗೆ ಎಡಗಿವಿ ಮೊಂಡಾದ ಕರಿ ನಾಯಿ ಇದೆ.

ಭಾನುವಾರ ಬೆಳಿಗ್ಗೆಯೇ ಹೊರಟೆ. ಹವಾಲ್ದಾರರೂ ಬಂದರು, ಸಾಕ್ಷಿಗೆ. ಕೊರಟಗೆರೆಯವರೆಗೆ ಬಸ್ಸು, ಅಲ್ಲಿಂದ ಎತ್ತಿನ ಗಾಡಿ.

ಹೊಲದ ಬದುವಿನ ಮೇಲೆ ನಿಂತಾಗಲೇ ಬಂಟ ಕಂಡ. ಮೊದಲು ಗುರುತೇ ಹತ್ತಲಿಲ್ಲ. ಮೈ ತುಂಬಿಕೊಂಡಿದ್ದ. ಬಾಲ ಎತ್ತಿ ಸುರುಳಿ ಮಾಡಿಕೊಂಡು ಕುರಿಗಳ ಸುತ್ತ ಓಡುತ್ತಿದ್ದ. ಟ್ರೈನಿಂಗ್ ಆದ ಮೇಲೆ ನಮ್ಮ ಮನೆಯಲ್ಲಿ ಆ ಬಾಲ ಎತ್ತಿದ್ದನ್ನು ನಾನು ನೋಡಿರಲಿಲ್ಲ. ಮಂದೆಯ ನಡುವೆ ಕಂಬಳಿ ಹೊದ್ದ ಒಬ್ಬ ಮುದುಕ, ಬಾರೋ ಚಿಕ್ಕವನೇ ಅಂತ ತೆಲುಗಿನಲ್ಲಿ, "ಚಿನ್ನೋಡಾ, ರಾ!" ಅಂದ. ಬಂಟ ಎರಡು ಕುರಿ ಹಾರಿಕೊಂಡು ಬಂದ. ಮುದುಕ ಸೊಂಟದ ಚೀಲದಿಂದ ಏನೋ ತೆಗೆದು ಬಾಯಿಗಿಟ್ಟ. ಕೊರಳು ಕೆರೆದ. ಹೋಗು ಅಂತ ಕೈ ಬೀಸಿದ. ಅಷ್ಟೇ.

ಆ ಮುದುಕ ವೈ.ಎನ್. ಹೊಸಕೋಟೆ ಕಡೆಯ ಓಬಳಪ್ಪ. ನಾಯಿ ನನ್ನದು ಅಂದೆ. ಗಾಬರಿಯಾಗಲಿಲ್ಲ ಆತ.

"ಇರಬೋದು ಸಾಮೀ. ಮಿಡಿಗೇಶಿ ತಾವ ಮಂದೆ ಹಿಂದೆ ಬಿತ್ತು. ಒಂದು ತಿಂಗ್ಳು ಹತ್ರಕ್ಕೇ ಬರ್ನಿಲ್ಲ. ಕೈ ಎತ್ತಿದ್ರೆ ಮೂತ್ರ ಮಾಡ್ಕಳೋದು."

"ಮತ್ತೆ ಹೇಗೆ ಪಳಗಿಸಿದೆ?"

"ನಾನೇನು ಪಳಗಿಸ್ಲಿ? ಬೆನ್ನು ತಿರುಗ್ಸಿ ಕುಂತ್ಕತಿದ್ದೆ. ಮುದ್ದೆ ಚೂರು ಕುರಿಹಾಲ್ನಾಗೆ ಅದ್ದಿ ಹಿಂದಕ್ಕೆ ಎಸೀತಿದ್ದೆ. ಇವತ್ತು ಹತ್ತು ಮಾರು, ನಾಳೆ ಒಂಬತ್ತು ಮಾರು. ತಿರುಗಿ ನೋಡ್ತಿರ್ನಿಲ್ಲ. ನೋಡಿದ್ರೆ ಓಡೋದು. ಒಂದಿನ ತಾನೇ ಬಂದು ನನ್ ಬೆನ್ನಿಗೆ ಮೂತಿ ಒರಗಿಸ್ತು. ಅಷ್ಟೇ ನೋಡಿ."

ಹವಾಲ್ದಾರರು ಮೂಗು ಮುರಿದರು. "ತಿನ್ನಿಸಿ ಕರೆಯೋದು ಯಾವ ಡಿಸಿಪ್ಲಿನ್? ಇದು ಲಂಚ!"

ಓಬಳಪ್ಪ ಅವರ ಕೋಟು ನೋಡಿದ. "ಯಜಮಾನ್ರೇ, ನಿಮ್ಗೆ ಸರ್ಕಾರ್ದೋರು ಪಿಂಚಣಿ ಕೊಡ್ತಾರಾ?"

"ಕೊಡ್ತಾರೆ. ಯಾಕೆ?"

"ಏನಿಲ್ಲ ಬುಡಿ."

ಅಷ್ಟರಲ್ಲಿ ಸುತ್ತ ಬಂದು ಸೇರಿದ್ದ ಊರವರು ಕಿಸಕ್ಕನೆ ನಕ್ಕರು. ಹವಾಲ್ದಾರರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ತಪ್ಪು ಮಾಡಿದಾಗ ಏನು ಮಾಡುತ್ತೀಯ ಅಂತ ನಾನೇ ಕೇಳಿದೆ. ಮೇಷ್ಟ್ರ ಬುದ್ಧಿ.

"ಆವಾಗ ಕರೆಯಾಕಿಲ್ಲ ಸಾಮೀ. ನಾನೇ ಎದ್ದು ಅದಿದ್ದ ತಾವ್ಕೆ ಹೋಯ್ತೀನಿ. ಹೆಸ್ರು ಇಡ್ದು ಕರೆದ್ರೆ ಏನಾನ ಕೊಡ್ಬೇಕು. ಬರಿಗೈನಾಗೆ ಕರೆದ್ರೆ ಸುಳ್ಳು ಹೇಳ್ದಂಗೆ. ನಮ್ಮಪ್ಪ ಹೇಳ್ಕೊಟ್ಟಿದ್ದು."

ಆಮೇಲೆ ತನ್ನ ಕಷ್ಟ ಹೇಳಿಕೊಂಡ. ಈ ನಾಯಿ ಬರುವ ಮುಂಚೆ ವಾರಕ್ಕೊಂದು ಕುರಿಮರಿ ತೋಳದ ಪಾಲಾಗುತ್ತಿತ್ತು. ಬಂದ ಮೇಲೆ ಒಂದೂ ಹೋಗಿಲ್ಲ. ಬಂಟನ ಹೆಗಲಿನ ಮೇಲೆ ಹಲ್ಲಿನ ಗಾಯ ಒಣಗಿದ್ದನ್ನು ತೋರಿಸಿದ. "ಬಿಟ್ಟುಕೊಡಾಕೆ ಮನಸ್ಸಿಲ್ಲ ಸಾಮೀ. ನಿಮ್ದೇ ಅಂದ್ರೆ ನ್ಯಾಯ ಆಗ್ಲಿ."

ಹೊಲದ ಒಡೆಯ ಕೆಂಚೇಗೌಡರು ಮಧ್ಯಸ್ಥರಾದರು. ಕುರಿಯವರಲ್ಲಿ ನಾಯಿ ವ್ಯಾಜ್ಯಕ್ಕೆ ಒಂದು ಪದ್ಧತಿ ಇದೆಯಂತೆ. ನಾಯಿಯನ್ನು ನಡುವೆ ನಿಲ್ಲಿಸಬೇಕು. ಇಬ್ಬರೂ ಹತ್ತು ಹತ್ತು ಮಾರು ದೂರ ಎದುರುಬದುರು ನಿಲ್ಲಬೇಕು. ಕೋಲು ಇರಬಾರದು, ತಿನ್ನುವುದು ಇರಬಾರದು, ಎರಡೂ ಅಂಗೈ ಬಿಚ್ಚಿ ಜನಕ್ಕೆ ತೋರಿಸಬೇಕು. ಕೇಳಿಕೊಂಡು ಬಂದವನು ಮೊದಲು ಒಂದು ಸಲ ಕರೆಯಬೇಕು, ಆಮೇಲೆ ಇಟ್ಟುಕೊಂಡವನು ಒಂದು ಸಲ. ಕೊನೆಗೆ ನಾಯಿ ಯಾರ ಹತ್ತಿರ ನಿಲ್ಲುತ್ತದೋ ಅವರದು.

"ಒಪ್ತೀರಾ ಮೇಷ್ಟ್ರೇ?"

"ಒಪ್ಪಿದೆ" ಅಂದೆ. ಅವನು ಬರುವುದಿಲ್ಲ ಅಂತಲೇ ಅಂದುಕೊಂಡಿದ್ದೆ.

ಓಬಳಪ್ಪ ಸೊಂಟದ ಚೀಲ ಬಿಚ್ಚಿ ಗೌಡರ ಕೈಗೆ ಕೊಟ್ಟ. ಇಬ್ಬರೂ ಅಂಗೈ ತೋರಿಸಿದೆವು. ಬಂಟ ನಡುವೆ ನಿಂತು ಇದೇನೋ ಹೊಸ ಆಟ ಅಂತ ಬಾಲ ಆಡಿಸುತ್ತಿದ್ದ.

ಕರೆದೆ.

"ಬಂಟಾ!"

ಬಾಲ ಇಳಿಯಿತು. ಅಷ್ಟೇ ಅಲ್ಲ, ಇಡೀ ನಾಯಿ ಇಳಿಯಿತು. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು, ಕೂಳೆ ಮೈಗೆ ಚುಚ್ಚುತ್ತಿದ್ದರೂ, ಹಿಂದೆ ಒದ್ದೆ ಗೆರೆ ಎಳೆಯುತ್ತಾ, ಹತ್ತು ಮಾರೂ ತೆವಳಿಕೊಂಡು ಬಂದ. ತೋಳದ ಜೊತೆ ಹೊಡೆದಾಡಿದ ನಾಯಿ! ನನ್ನ ಕಾಲ ಹತ್ತಿರ ಬಂದು ಅಂಗಾತ ಮಲಗಿ ಕಣ್ಣು ಮುಚ್ಚಿದ. ಏಟಿಗೆ ಕಾಯುತ್ತಿದ್ದ.

ಹವಾಲ್ದಾರರು ತೊಡೆ ತಟ್ಟಿದರು. "ನೋಡಿದ್ರಾ? ಎಂಟು ತಿಂಗಳಾದ್ರೂ ಮರ್ತಿಲ್ಲ. ಟ್ರೈನಿಂಗ್ ಅಂದ್ರೆ ಇದು ಸಾರ್!"

ಗೌಡರು ಓಬಳಪ್ಪನ ಕಡೆ ತಿರುಗಿದರು. "ಈಗ ನಿನ್ ಸರದಿ. ಕರಿ."

ಓಬಳಪ್ಪ ತನ್ನ ಬರಿದಾದ ಅಂಗೈ ನೋಡಿಕೊಂಡ. "ಬರಿಗೈನಾಗೆ ನಾನು ಕರೆಯಾಕಿಲ್ಲ ಗೌಡ್ರೇ. ಅದರಾಗೂ ಇಂಗೆ ಬಿದ್ದಿರೋವಾಗ. ಸಾಮ್ಯೋರು ಗೆದ್ರು. ತಗೊಂಡೋಗ್ಲಿ ಬುಡಿ."

ನಾನು ಗೆದ್ದೆ.

ಆತ ಹತ್ತಿರ ಬಂದು ಇನ್ನೊಂದು ಮಾತು ಹೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. "ಸಾಮೀ, ಆ ಹೆಸರ್ನ ಬಿಟ್ಬುಡಿ. ಅದು ಹೆಸರಾಗಿ ಉಳಿದಿಲ್ಲ. ಬ್ಯಾರೆ ಏನಾನ ಇಟ್ಕಂಡು ಮೊದ್ಲಿಂದ ಶುರು ಮಾಡಿ."

ಆಗ ನನಗೆ ಹತ್ತಿದ ಸಿಟ್ಟು ಹವಾಲ್ದಾರರ ಮೇಲೆ ಒಡೆಯಿತು. ಜನರ ಎದುರೇ ಬಾಯಿಗೆ ಬಂದಂತೆ ಬೈದೆ. ಮರಿಯ ಕಿವಿ ಕೊಯ್ದ ಕಟುಕ ಅಂದೆ. ಬಸ್ರಾದಲ್ಲಿ ಇದನ್ನೇ ಕಲಿತು ಬಂದಿರಾ ಅಂದೆ.

ಅವರು ಖಾಕಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಕೇಳಿದರು: "ನಾನು ಹೊಡೀತಿದ್ದಾಗ ಜಗುಲಿ ಮೇಲೆ ಕಾಫಿ ಕುಡೀತಿದ್ದೋರು ಯಾರು ಸಾರ್?"



ಬಂಟನನ್ನು ಕರೆತರಲಿಲ್ಲ. ಬಿಟ್ಟು ಬರಲು ತೀರ್ಮಾನಿಸಿದ ಮೇಲೆ ಗೊತ್ತಾಯಿತು, ಅದೂ ಸುಲಭವಲ್ಲ. ಅವನು ಕಾಲ ಬುಡದಿಂದ ಏಳಲಿಲ್ಲ. "ಹೋಗೋ" ಅಂದೆ, "ಹೋಗಪ್ಪಾ" ಅಂದೆ. ನನ್ನ ಬಾಯಿಂದ ಬಂದ ಪ್ರತಿ ಮಾತಿಗೂ ಇನ್ನಷ್ಟು ನೆಲಕ್ಕೆ ಅಂಟಿಕೊಂಡ. ಬಾ, ಕೂರು, ನಿಲ್ಲು, ಎಲ್ಲ ಕಲಿಸಿದ್ದೆವು. ಹೋಗಿ ಆಡಿಕೋ ಅಂತ ಹೇಳುವ ಒಂದು ಮಾತು ಕಲಿಸಿರಲಿಲ್ಲ. ಕೊನೆಗೆ ನಾವೇ ಹೊರಟೆವು. ಬದು ಹತ್ತಿ ತಿರುಗಿ ನೋಡಿದರೆ ಓಬಳಪ್ಪ ನಾಯಿಯಿಂದ ಹತ್ತು ಮಾರು ದೂರದಲ್ಲಿ, ಬೆನ್ನು ತಿರುಗಿಸಿ ಕೂತಿದ್ದ. ಎಂಟು ತಿಂಗಳ ಕೆಲಸವನ್ನು ನಾನು ಒಂದು ಕೂಗಿಗೆ ಹಾಳು ಮಾಡಿದ್ದೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಗೋಡೆಗೆ ಒರಗಿಸಿದ್ದ ತಟ್ಟೆ ತೆಗೆದು ಒಳಗಿಟ್ಟಳು.

ಈಗ ಹೇಳಿ, ನಾಯಿಗಷ್ಟೇ ಹೀಗೆ ಮಾಡುತ್ತೇವೆಯೇ? ತಾಲ್ಲೂಕು ಕಚೇರಿ ಮೆಟ್ಟಿಲ ಕೆಳಗೆ ಚಪ್ಪಲಿ ಕಳಚಿ, ಮೇಲುವಸ್ತ್ರ ಸೊಂಟಕ್ಕೆ ಸುತ್ತಿ, "ಬುದ್ಧೀ" ಅಂತ ನಡು ಬಗ್ಗಿಸುವ ಮುದುಕನನ್ನು ನೋಡಿ ನಮ್ಮ ರೈತರಿಗೆ ಎಷ್ಟು ವಿನಯ ಅಂತ ಮೆಚ್ಚುತ್ತೇವೆ. ಅತ್ತೆ ಕೂಗಿದ ಕೂಡಲೆ ಒದ್ದೆ ಕೈಯಲ್ಲೇ ಓಡಿಬರುವ ಸೊಸೆಯನ್ನು ಸಂಸ್ಕಾರವಂತೆ ಅನ್ನುತ್ತೇವೆ. ಮುಖ ನೋಡಿದ್ದೇವೆಯೇ ಯಾವತ್ತಾದರೂ? ಬಂದರು, ಸಾಕು. ಹೇಗೆ ಬಂದರು ಅಂತ ಯಾರಿಗೆ ಬೇಕು? ಹೆದರಿಸಿ ಕರೆಸಿಕೊಳ್ಳುವುದಕ್ಕೆ ಬುದ್ಧಿ ಬೇಡ, ಹುಣಿಸೆ ಮರ ಒಂದಿದ್ದರೆ ಸಾಕು. ಮರಿ ತಾನಾಗಿ ಓಡಿಬರುವ ಹಾಗೆ ಮಾಡಲು ಬೆನ್ನು ತಿರುಗಿಸಿ ತಿಂಗಳುಗಟ್ಟಲೆ ಕೂರುವ ತಾಳ್ಮೆ ಬೇಕು. ಅಕ್ಷರ ಬಾರದ ಕುರಿ ಕಾಯುವವನಿಗೆ ಇರುವ ಈ ಬುದ್ಧಿ ಟ್ರೈನಿಂಗ್ ಕಾಲೇಜಿನಲ್ಲಿ ಓದಿದ ನನಗೆ ಯಾಕೆ ಬರಲಿಲ್ಲ?

ಸೋಮವಾರ ಶಾಲೆಗೆ ಹೋದೆ. ಲೆಕ್ಕದ ಸ್ಲೇಟುಗಳನ್ನು ನೋಡುತ್ತಾ ಎರಡನೇ ಬೆಂಚಿನ ಒಬ್ಬ ವಿದ್ಯಾರ್ಥಿಯ ಹೆಸರು ಕರೆದೆ. ತಕ್ಷಣ ಎದ್ದ. ಮೇಜಿನ ಹತ್ತಿರ ಬಂದ. ನಾನು ಬಾಯಿ ತೆರೆಯುವ ಮೊದಲೇ ಕಣ್ಣು ಮುಚ್ಚಿ ಅಂಗೈ ಚಾಚಿದ.

ನಾನು ಕರೆದದ್ದು, ಅವನ ಲೆಕ್ಕ ಸರಿಯಾಗಿದೆ ಅಂತ ಹೇಳುವುದಕ್ಕೆ.