ವಾರಗಿತ್ತಿಯ ದ್ವೀಪ

ನನ್ನ ವಾರಗಿತ್ತಿ ಮೊದಲ ಸಲ ನಮ್ಮ ಮನೆಗೆ ಬಂದಾಗ ಅವಳಿಗೆ ವಿಮೆಯ ಅ ಆ ಇ ಈ ಗೊತ್ತಿರಲಿಲ್ಲ. ಮೈಸೂರಿನಲ್ಲಿ ಲಾ ಓದಿದ್ದಳು, ಕೆಲಸವಿರಲಿಲ್ಲ. ಮೈದುನನಿಗೆ ಹಿಂದೂ ಮಹಾಸಾಗರದ ಒಂದು ಪುಟ್ಟ ದ್ವೀಪದೇಶದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಅವನು ಮೊದಲೇ ಹೋಗಿದ್ದ. ವೀಸಾ ಬರುವ ತನಕ ಒಂದು ಮಳೆಗಾಲವಿಡೀ ಅವಳು ಕೋಲ್ಕತ್ತದ ಡಮ್ ಡಮ್‌ನ ನಮ್ಮ ಫ್ಲಾಟಿನಲ್ಲಿದ್ದಳು. ಬೇಜಾರಾಗುತ್ತದೆಂದು ನನ್ನ ಜೊತೆ ಖಿದಿರ್‌ಪುರದ ಆಫೀಸಿಗೂ ಬರುತ್ತಿದ್ದಳು.

ನಮ್ಮದು ಸರಕು ಸಾಗಿಸುವ ಕಂಪನಿ. ನದಿಯಲ್ಲಿ ಸಾಮಾನು ಹೊರುವ ಬಾರ್ಜುಗಳಿವೆ, ಡಾಕಿನ ಹತ್ತಿರ ಗೋದಾಮುಗಳಿವೆ. ಅವುಗಳ ವಿಮೆ ನೋಡಿಕೊಳ್ಳುವವಳು ನಾನು.

"ಅಕ್ಕ, ಪ್ರೀಮಿಯಂ ಯಾಕೆ ಪ್ರತಿ ವರ್ಷ ಏರುತ್ತೆ? ನಿಮ್ಮ ದೋಣಿ ಒಂದೂ ಮುಳುಗಿಲ್ವಲ್ಲ?" ಎಂದು ಆಗ ಕೇಳಿದ್ದಳು.

"ಬ್ಯಾರೇದವರ ದೋಣಿ ಮುಳುಗ್ಯಾವಲ್ಲ, ಅದರ ಪಾಲೂ ನಾವ ಹೊರಬೇಕು," ಎಂದಿದ್ದೆ.

ದೊಡ್ಡ ದೊಡ್ಡ ಕಂಪನಿಗಳು ಈ ಪಾಲು ಹೊರಲಾರದೆ ತಮ್ಮದೇ ಒಂದು ಸಣ್ಣ ವಿಮಾ ಕಂಪನಿ ಕಟ್ಟಿಕೊಳ್ಳುತ್ತವೆ, ಅದಕ್ಕೆ ಕ್ಯಾಪ್ಟಿವ್ ಎನ್ನುತ್ತಾರೆ, ಅದು ಊರಿಗೆಲ್ಲ ವಿಮೆ ಮಾರುವುದಿಲ್ಲ, ಯಜಮಾನನ ಆಸ್ತಿಯನ್ನು ಮಾತ್ರ ಕಾಯುತ್ತದೆ ಎಂದು ಅವಳಿಗೆ ಹೇಳಿಕೊಟ್ಟವಳೂ ನಾನೇ. ಡಾಕಿನ ಗೇಟಿನ ಎದುರು ಮಣ್ಣಿನ ಲೋಟದಲ್ಲಿ ಚಹಾ ಕುಡಿಯುತ್ತ ಹೇಳಿಕೊಟ್ಟದ್ದು.

ದ್ವೀಪಕ್ಕೆ ಹೋದ ಮೇಲೆ ಅವಳು ಅಲ್ಲಿನ ಸರಕಾರದ ವಿಮಾ ಕಚೇರಿ ಸೇರಿದಳು. ಕಬ್ಬು ಮತ್ತು ಪ್ರವಾಸಿಗರನ್ನು ನಂಬಿದ್ದ ಆ ದೇಶಕ್ಕೆ ಹೊಸ ಆದಾಯಕ್ಕಾಗಿ ಹೊರಗಿನ ಕಂಪನಿಗಳ ಕ್ಯಾಪ್ಟಿವ್‌ಗಳು ಬೇಕಾಗಿದ್ದವು. ತೆರಿಗೆ ಕಡಿಮೆ ಮಾಡಿದರು, ಅನುಮತಿ ಬೇಗ ಕೊಡುವಂತೆ ಕಾನೂನು ಬದಲಿಸಿದರು, ಊರೂರಿಗೆ ತಂಡ ಕಳಿಸಿ ಕರೆಯತೊಡಗಿದರು. ಕೋಲ್ಕತ್ತಕ್ಕೆ ಬಂದ ತಂಡದ ಮುಂದಾಳು ನನ್ನ ವಾರಗಿತ್ತಿ.

ವಿಮಾನ ಇಳಿದವಳು ನೇರ ನಮ್ಮ ಮನೆಗೇ ಬಂದಳು. ಬಾಗಿಲು ತೆರೆಯುವ ಮೊದಲೇ ನನ್ನ ಮಗಳು "ಕಾಕು!" ಎಂದು ಓಡಿದಳು. ಕಾಕು ಎಂದರೆ ಬಂಗಾಳಿಗಳಿಗೆ ಚಿಕ್ಕಪ್ಪ, ಉತ್ತರ ಕರ್ನಾಟಕದ ನಮಗೆ ಚಿಕ್ಕಮ್ಮ. ಶಾಲೆಯಲ್ಲಿ ಇದನ್ನು ವಿವರಿಸಿ ಸಾಕಾಗಿ ಮಗಳು ಆ ಪದವನ್ನೇ ಬಿಟ್ಟಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ಅವತ್ತು ಅವಳ ಪಕ್ಕ ಕೂತು, "ಕಾಕು, ನಿಮ್ ಸಮುದ್ರ ಆಫೀಸಿಂದ ಕಾಣಸ್ತದ?" ಎಂದು ಪೂರ್ತಿ ಕನ್ನಡದಲ್ಲಿ ಕೇಳಿದಳು.

"ಕಾಣುತ್ತೆ ಪುಟ್ಟಿ, ಕಿಟಕಿ ತುಂಬ."

ನನ್ನ ಆಫೀಸಿನ ಕಿಟಕಿಯಿಂದ ಕಾಣುವುದು ಗೋದಾಮಿನ ತಗಡು. ಅಡುಗೆಮನೆಗೆ ಹೋಗಿ ಒಗ್ಗರಣೆ ಸೀಯುವ ತನಕ ನಿಂತೆ.

ಮರುದಿನ ಅಲಿಪುರದ ಹೋಟೆಲೊಂದರಲ್ಲಿ ಸಭೆ. ನಮ್ಮ ಮಾಲೀಕರೂ ಬಂದಿದ್ದರು. ವಯಸ್ಸಾದ ಬಂಗಾಳಿ, ಮಾತು ಕಡಿಮೆ, ಅನುಮಾನ ಜಾಸ್ತಿ. ಕ್ಯಾಪ್ಟಿವ್ ಕಟ್ಟೋಣವೆಂದು ವರ್ಷಗಟ್ಟಲೆ ಅವರ ಬೆನ್ನು ಹತ್ತಿದ್ದೆ. "ನೋಡೋಣ" ಎನ್ನುತ್ತಿದ್ದರು. ಅವತ್ತು ವೇದಿಕೆಯ ಮೇಲೆ ಅವಳು ಅದನ್ನೇ ಹೇಳಿದಳು. ನಿಮ್ಮ ಪ್ರೀಮಿಯಂ ನಿಮ್ಮ ಮನೆಯಲ್ಲೇ ಉಳಿಯಲಿ ಎಂದಳು. ಭಾರತದ ಕಾನೂನಿನಂತೆ ನಿಮಗೆ ಪಾಲಿಸಿ ಕೊಡುವುದು ಇಲ್ಲಿಯದೇ ವಿಮಾ ಕಂಪನಿ, ಅದರ ಬೆನ್ನಿಗೆ ನಿಂತು ಭಾರದಲ್ಲಿ ಪಾಲು ಹೊರುವುದು ನಿಮ್ಮ ಕ್ಯಾಪ್ಟಿವ್ ಎಂದು ಬಿಡಿಸಿ ಹೇಳಿದಳು. ಮಾಲೀಕರು ತಲೆದೂಗಿದರು. ನಾನು ಹೇಳಿದಾಗ ಆ ತಲೆ ಒಮ್ಮೆಯೂ ಅಲ್ಲಾಡಿರಲಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ ಎಂದ ಕೂಡಲೇ ಎದ್ದು ನಿಂತೆ.

"ನಮ್ಮನ್ನು ಕರೆಯುವವರೂ ನೀವೇ, ನಾಳೆ ತಪಾಸಣೆ ಮಾಡುವವರೂ ನೀವೇ. ಗಿರಾಕಿ ಬೇರೆ ದೇಶಕ್ಕೆ ಓಡಿಹೋದಾನು ಎಂಬ ಭಯ ಇರುವವರು ಬಿಗಿಯಾಗಿ ಹೇಗೆ ತಪಾಸಣೆ ಮಾಡುತ್ತೀರಿ?" ಎಂದೆ, ಇಂಗ್ಲಿಷಿನಲ್ಲಿ, ಸಾಧ್ಯವಾದಷ್ಟು ಗಟ್ಟಿಯಾಗಿ.

ಅವಳು ತಡವರಿಸುತ್ತಾಳೆಂದು ಕಾದೆ. ಅವಳು ನನ್ನನ್ನೇ ನೋಡಿ ನಕ್ಕಳು.

"ಒಳ್ಳೆಯ ಪ್ರಶ್ನೆ. ನಮ್ಮದು ಸಣ್ಣ ದೇಶ. ಅಲ್ಲಿ ಒಂದು ಕಂಪನಿ ಮುಳುಗಿದರೆ ಅದರ ಜೊತೆ ನಮ್ಮ ಹೆಸರೂ ಮುಳುಗುತ್ತದೆ. ಅದಕ್ಕೇ ಕರೆಯುವ ವಿಭಾಗ ಬೇರೆ, ಪರೀಕ್ಷಿಸುವ ವಿಭಾಗ ಬೇರೆ. ಬಂಡವಾಳ ತೆಗೆದಿಡಬೇಕು, ಲೆಕ್ಕತಜ್ಞರು ವರ್ಷಕ್ಕೊಮ್ಮೆ ನೋಡಬೇಕು, ನಮ್ಮಲ್ಲೇ ವಾಸಿಸುವ ಒಬ್ಬ ನಿರ್ದೇಶಕ ಇರಬೇಕು. ಇಷ್ಟು ಆಗದವರಿಗೆ ಇಲ್ಲ ಎಂದಿದ್ದೇವೆ. ಹಾಗೆ ಇಲ್ಲ ಎಂದದ್ದನ್ನು ಕೇಳಿಯೇ ಉಳಿದವರು ನಂಬಿ ಬಂದಿದ್ದಾರೆ."

ಚಪ್ಪಾಳೆ ಬಿತ್ತು. ಮಾಲೀಕರು ನನ್ನ ಕಡೆ ಬಾಗಿ, "ಇವಳು ನಿಮ್ಮ ಮನೆಯವಳಂತೆ? ಎಂಥ ಬುದ್ಧಿ!" ಎಂದರು.

ಸಂಜೆ ಅವಳು ಮತ್ತೆ ಮನೆಗೆ ಬಂದಳು. ನಮ್ಮ ಕಂಪನಿಯ ಅರ್ಜಿಯ ಬಗ್ಗೆ ಮಾತೆತ್ತಿದರೆ, ನನಗೆ ನಿನ್ನ ಶಿಫಾರಸು ಬೇಕಾಗಿಲ್ಲ ಎಂದುಬಿಡಬೇಕೆಂದು ಸಿದ್ಧಳಾಗಿ ಕೂತಿದ್ದೆ. ಆ ಮಾತನ್ನು ಬಾಯಲ್ಲೇ ಎರಡು ಸಲ ಆಡಿ ನೋಡಿಕೊಂಡಿದ್ದೆ ಕೂಡ.

"ಅಕ್ಕ, ಒಂದು ವಿಷ್ಯ," ಎಂದಳು ಚಹಾ ಹಿಡಿದು. "ನಿಮ್ಮ ಕಂಪನಿ ಅರ್ಜಿ ಹಾಕಿದ್ರೆ ನಾನು ಮುಟ್ಟೋ ಹಾಗಿಲ್ಲ. ನೀವು ನಮ್ಮ ಮನೆಯವರು ಅಂತ ಹೊರಡೋ ಮೊದಲೇ ಆಫೀಸಲ್ಲಿ ಹೇಳಿಬಿಟ್ಟಿದೀನಿ. ಬೇರೆಯವರು ನೋಡ್ತಾರೆ. ಬೇಜಾರ್ ಮಾಡ್ಕೋಬೇಡಿ."

"ನನಗ್ಯಾಕ ಬೇಜಾರು?" ಎಂದೆ. ಬೇಡವೆನ್ನುವ ದೊಡ್ಡಸ್ತಿಕೆ ಒಂದಾದರೂ ನನ್ನ ಪಾಲಿಗಿದೆ ಎಂದುಕೊಂಡಿದ್ದೆ. ಅದನ್ನೂ ಅವಳೇ ಮೊದಲು ತೆಗೆದುಕೊಂಡಿದ್ದಳು.

ನನ್ನ ಗಂಡ ಪಕ್ಕದಲ್ಲೇ ಕೂತು ಎಲ್ಲ ನೋಡುತ್ತಿದ್ದರು. ಅವಳು ಹೋದ ಮೇಲೆ, "ಹುಡುಗಿ ಛಲೋ ಅದಾಳಲ್ಲ?" ಎಂದರು.

"ಛಲೋ ಅದಾಳ ಅಂತನ ನನಗ ತ್ರಾಸು," ಎಂದೆ. ಕೆಟ್ಟವಳಾಗಿದ್ದರೆ ಬೈದು ಹಗುರಾಗಬಹುದಿತ್ತು.

ಅರ್ಜಿ ಹಾಕಿದೆವು. ಪರೀಕ್ಷಿಸಿದ್ದು ಅಲ್ಲಿನ ಒಬ್ಬ ಹಿರಿಯ ಅಧಿಕಾರಿ. ವಿಡಿಯೋ ಕರೆಯಲ್ಲಿ ನಗುವನ್ನೇ ಕಾಣದ ಮುಖ. ನಿಮ್ಮ ಬಾರ್ಜುಗಳೂ ಗೋದಾಮುಗಳೂ ಒಂದೇ ನದಿಯ ಆಸುಪಾಸಿನಲ್ಲಿವೆ, ಒಂದು ಚಂಡಮಾರುತಕ್ಕೆ ಎಲ್ಲವೂ ಹೋದರೆ ಈ ಪುಟ್ಟ ಕಂಪನಿ ಏನು ಮಾಡುತ್ತದೆ ಎಂದು ಕೇಳಿದ. ಚಂಡಮಾರುತದ ಭಾರವನ್ನು ವಿಮಾ ಕಂಪನಿಗಳಿಗೇ ವಿಮೆ ಕೊಡುವ ದೊಡ್ಡ ಮರುವಿಮಾ ಕಂಪನಿಗೆ ದಾಟಿಸಿ, ಸಣ್ಣಪುಟ್ಟ ನಷ್ಟವನ್ನು ಮಾತ್ರ ನಾವು ಇಟ್ಟುಕೊಳ್ಳುವಂತೆ ಇಡೀ ಯೋಜನೆಯನ್ನು ನಾನು ಮತ್ತೆ ಕಟ್ಟಿದೆ. ಕೊನೆಗೆ ಲೈಸೆನ್ಸ್ ಬಂತು. ಆಫೀಸಿನಲ್ಲಿ ಸಂದೇಶ್ ಮಿಠಾಯಿ ಹಂಚಿದರು. ಜೀವನದಲ್ಲಿ ಮೊದಲ ಬಾರಿ ನಾನು ಮಾಲೀಕರ ಎದುರು ಕೇಳದೆಯೇ ಕುರ್ಚಿ ಎಳೆದುಕೊಂಡು ಕೂತೆ.

"ಇನ್ನು ಇದನ್ನು ನಡೆಸಲು ಒಬ್ಬರು ಬೇಕು," ಎಂದರು. ನಾನು ಕಾದೆ. "ನಿಮ್ಮ ಆ ಹುಡುಗಿ ಸರಕಾರಿ ಕೆಲಸ ಬಿಟ್ಟು ಬರುತ್ತಾಳೇನು? ನೀವೇ ಕೇಳಿ ನೋಡಿ."

ಅಲ್ಲೇ, ಅವರ ಎದುರಿಗೇ ಫೋನ್ ಮಾಡಿದೆ. ಮನೆಗೆ ಹೋದರೆ ಮಾಡಲಾರೆನೆಂದು ಗೊತ್ತಿತ್ತು.

"ಅಯ್ಯೋ ಅಕ್ಕ, ಆಗಲ್ಲ," ಎಂದು ನಕ್ಕಳು. "ನಾವು ಲೈಸೆನ್ಸ್ ಕೊಟ್ಟ ಕಂಪನಿಗೆ ನಾವೇ ಹೋಗಿ ಸೇರೋಕೆ ನಿಯಮ ಬಿಡಲ್ಲ. ನಿಯಮ ಬಿಟ್ರೂ ನಾನು ಬರ್ತಿರ್ಲಿಲ್ಲ. ನೀವಿರೋವಾಗ ನಾನ್ಯಾಕೆ?"

ಮಾಲೀಕರಿಗೆ ನಾನು ಮೊದಲ ಅರ್ಧವನ್ನು ಮಾತ್ರ ಬಂಗಾಳಿಗೆ ಅನುವಾದಿಸಿದೆ. ಅವರು ಮೇಜು ತಟ್ಟುತ್ತ, "ಹಾಗಾದರೆ ನೀವೇ ನೋಡಿಕೊಳ್ಳಿ" ಎಂದರು. ಬಯಸಿದ ಕೆಲಸ ಹಾಗೆ ಸಿಕ್ಕಿತು. ಮಗಳು ಖುಷಿಯಿಂದ ಕುಣಿದಳು. ನಾನೂ ಕುಣಿಯಬೇಕಿತ್ತು.

ಆ ವರ್ಷದ ಬೇಸಿಗೆಯಲ್ಲಿ ಕಾಲಬೈಶಾಖಿ ಬಿರುಗಾಳಿ ಬೀಸಿ ಒಂದು ಗೋದಾಮಿನ ಮಾಡು ಹಾರಿತು. ಹೊಸ ಕಂಪನಿಗೆ ಬಂದ ಮೊದಲ ಕ್ಲೇಮು ಅದು. ಆ ಗೋದಾಮು ನೋಡಿಕೊಳ್ಳುವ ನಮ್ಮ ಯಾರ್ಡಿನ ಮ್ಯಾನೇಜರ್ ಇಡೀ ಮಾಡಿನ ಬೆಲೆ ಕೇಳಿದ. ನಷ್ಟ ಅಳೆಯಲು ಬಂದ ಸರ್ವೇಯರ್ ಜೊತೆ ನಾನೂ ಏಣಿ ಹತ್ತಿ ನೋಡಿದೆ. ಅರ್ಧ ತಗಡು ಗಾಳಿಗೆ ಹೋದದ್ದು ನಿಜ, ಇನ್ನರ್ಧ ಎಂದೋ ತುಕ್ಕು ತಿಂದಿತ್ತು. ಗಾಳಿಗೆ ಹೋದದ್ದಕ್ಕೆ ಮಾತ್ರ ಕೊಡುತ್ತೇವೆ ಎಂದೆ.

"ದಿದಿ, ಹಣ ನಮ್ಮದೇ, ಕಂಪನಿ ನಮ್ಮದೇ! ಯಾರಿಗೆ ಉಳಿಸುತ್ತೀರಿ?" ಎಂದು ಅವನು ಮಾಲೀಕರ ತನಕ ಹೋದ. ಮಾಲೀಕರು ನನ್ನನ್ನು ಕರೆಸಿದರು. ಹೀಗೆ ನಮಗೆ ನಾವೇ ಹಂಚಿಕೊಂಡರೆ ನಾಳೆ ದ್ವೀಪದಿಂದ ತಪಾಸಣೆಗೆ ಬರುವವರು ಬಾಗಿಲು ಮುಚ್ಚಿಸುತ್ತಾರೆ ಎಂದೆ. ಗೊಣಗಿದರು, ಆದರೆ ನನ್ನ ಮಾತೇ ನಿಂತಿತು.

ಅವತ್ತು ಬಸ್ಸಿನಲ್ಲಿ ಕೂತು, ಇದನ್ನು ಅವಳಿಗೆ ಹೇಳಬೇಕು ಅನ್ನಿಸಿತು. ಈ ನಗರದಲ್ಲಿ ಇದರ ರುಚಿ ತಿಳಿಯುವವರು ಯಾರೂ ನನಗಿಲ್ಲ. ಹೇಳಿದರೆ ಖಂಡಿತ ಹೊಗಳುತ್ತಾಳೆ, ಮನಸಾರೆ ಹೊಗಳುತ್ತಾಳೆ. ಅದೇ ಬೇಡವಾಗಿತ್ತು. ಫೋನನ್ನು ಚೀಲಕ್ಕೆ ಹಾಕಿ, ಕಂಡಕ್ಟರನಿಂದ ಟಿಕೆಟ್ ತೆಗೆದುಕೊಂಡೆ.